ನಾಟಕದಲ್ಲಿ ಇಲ್ಲದ ಕಾಯಿಲೆ

ಮೊದಲು ಸೂಜಿ ಎರಡಾಗಿ ಕಂಡಿತು.

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಬೆಳಗ್ಗೆ ಚೆನ್ನಾಗಿಯೇ ಇರುತ್ತಿದ್ದೆ. ಸಂಜೆಯಾಗುತ್ತಿದ್ದಂತೆ ರೆಪ್ಪೆ ಜಾರುತ್ತಿತ್ತು, ಮಾತು ಮೂಗಿನಲ್ಲಿ ಬರುತ್ತಿತ್ತು. ಒಬ್ಬ ಡಾಕ್ಟರು ಕನ್ನಡಕ ಕೊಟ್ಟರು. ಇನ್ನೊಬ್ಬರು ಟಾನಿಕ್ ಬರೆದರು. "ನಿದ್ದೆಗೆಟ್ಟು ಹೊಲೀಬೇಡ ಅಂದ್ರೆ ಕೇಳಲ್ಲ ನೀನು," ಎಂದು ಗಂಡ ರೇಗಿದರು. ವರ್ಷ ಕಳೆಯುವಷ್ಟರಲ್ಲಿ ಚಪಾತಿ ಅಗಿಯಲೂ ದವಡೆ ಸೋಲುತ್ತಿತ್ತು. ಕೊನೆಗೆ ಕಂಟೋನ್ಮೆಂಟ್ ಕಡೆಯ ಆಸ್ಪತ್ರೆಯೊಂದರಲ್ಲಿ ನರರೋಗದ ಡಾಕ್ಟರಮ್ಮ ಹೆಸರು ಹೇಳಿದರು.

ಮಯಸ್ತೇನಿಯಾ ಗ್ರಾವಿಸ್.

ನರ ಹೇಳಿದ್ದು ಸ್ನಾಯುವಿಗೆ ಸರಿಯಾಗಿ ತಲುಪದ ಕಾಯಿಲೆ. ಎದೆಯೊಳಗಿನ ಗ್ರಂಥಿಯೊಂದನ್ನು ತೆಗೆಯುವ ಆಪರೇಷನ್ ಆಯಿತು. ಹೊತ್ತುಹೊತ್ತಿಗೆ ಮಾತ್ರೆ ನುಂಗುತ್ತಾ ಮತ್ತೆ ಮಿಷಿನ್ ತುಳಿಯತೊಡಗಿದೆ.

ಹೋದ ತಿಂಗಳು ಡಾಕ್ಟರಮ್ಮ ಪಕ್ಕದ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದರು. "ಶಾರದಮ್ಮ, ನಮ್ಮ ಸ್ಟೂಡೆಂಟ್ಸ್ ಪರೀಕ್ಷೆಗೆ ಪೇಷೆಂಟ್ ಥರ ಆಕ್ಟ್ ಮಾಡ್ತೀರಾ? ಹೊಟ್ಟೆನೋವು ಅಂತ ಹೇಳ್ಬೇಕು. ಅವ್ರು ಹೇಗೆ ಕೇಳ್ತಾರೆ, ಹೇಗೆ ಮುಟ್ಟಿ ನೋಡ್ತಾರೆ, ಅದಕ್ಕೇ ಮಾರ್ಕ್ಸು."

ಒಪ್ಪಿದೆ. ಎಲ್ಲಿ ಒತ್ತಿದರೆ ಮುಖ ಕಿವುಚಬೇಕು, ಏನು ಕೇಳಿದರೆ ಮಾತ್ರ ಏನು ಹೇಳಬೇಕು ಎಂದು ಕಲಿಸಿದರು. ಪರೀಕ್ಷೆಯ ದಿನ ಒಬ್ಬರಾದ ಮೇಲೊಬ್ಬರು ಬಂದರು. ಒಬ್ಬ ಹುಡುಗ ಒತ್ತುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡ. ಎಷ್ಟು ಹಿತವಾಯಿತು! ಆದರೆ ಪ್ರತಿ ಸಲವೂ ಮೊದಲ ಸಲದಂತೆ ನರಳುವುದು ದಣಿವಿನ ಕೆಲಸ. ನಡುವೆ ಮಾತ್ರೆಯ ಹೊತ್ತು ಮೀರಿದ್ದು ನನಗೆ ತಿಳಿಯಲೇ ಇಲ್ಲ.

ಆಮೇಲೆ ಒಬ್ಬ ಹುಡುಗಿ ಬಂದಳು. ಹೊಟ್ಟೆ ಒತ್ತುತ್ತಿದ್ದವಳು ತಟ್ಟನೆ ನಿಲ್ಲಿಸಿದಳು.

"ಅಮ್ಮಾ, ನಿಮ್ಮ ದನಿ ಬದಲಾಗ್ತಿದೆ. ಸ್ವಲ್ಪ ಮೇಲೆ ನೋಡಿ."

ನೋಡಿದೆ. ರೆಪ್ಪೆ ನಿಲ್ಲಲಿಲ್ಲ.

"ಇದು ಆಕ್ಟಿಂಗ್ ಅಲ್ಲ ಅಲ್ವಾ?"

ಅಲ್ಲವೆಂದು ತಲೆಯಾಡಿಸಿದೆ.

ಅವಳು ಪರೀಕ್ಷಕರ ಕಡೆ ತಿರುಗಿದಳು. "ಸಾರ್, ಎಕ್ಸಾಮ್ ಆಮೇಲೆ. ಇವ್ರಿಗೆ ನಿಜವಾಗ್ಲೂ ಹುಷಾರಿಲ್ಲ." ಉಸಿರಾಟ ಸರಿಯಿದೆಯೇ, ಉಗುಳು ನುಂಗಲಾಗುತ್ತಿದೆಯೇ ಎಂದು ಕೇಳಿದಳು. ಎತ್ತಿ ಕೂರಿಸಿ, ಬೆನ್ನಿಗೆ ಕೈ ಕೊಟ್ಟು ನಿಂತಳು. ಗಂಟೆ ಹೊಡೆಯಿತು. ಅವಳ ಸಮಯ ಮುಗಿದಿತ್ತು.

ಅವಳು ಕದಲಲಿಲ್ಲ.

ಡಾಕ್ಟರಮ್ಮ ಓಡಿ ಬಂದರು. ಮಾತ್ರೆ ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ರೆಪ್ಪೆ ಎದ್ದಿತು. ನನಗೆ ಒಂದೇ ಚಿಂತೆ. "ಆ ಹುಡುಗಿ ನನ್ನಿಂದ ಫೇಲಾಗಿಬಿಡ್ತಾಳಾ?"

"ಅವಳನ್ನ ಫೇಲ್ ಮಾಡೋಕೆ ನಮಗೆ ಮುಖ ಇದ್ಯಾ, ಶಾರದಮ್ಮ?" ಎಂದರು ಡಾಕ್ಟರಮ್ಮ.

ನನ್ನ ಕಾಯಿಲೆ ಪೂರ್ತಿ ವಾಸಿಯಾಗಿಲ್ಲ. ಆಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಆದರೂ ವರ್ಷವಿಡೀ ಯಾರ ಕಣ್ಣಿಗೂ ಬೀಳದ್ದು, ಇನ್ನೂ ಕಲಿಯುತ್ತಿರುವ ಹುಡುಗಿಯೊಬ್ಬಳಿಗೆ ಹೊಟ್ಟೆ ನೋಡುವಾಗಲೇ ಕಂಡಿತಲ್ಲ ಎಂದು ನೆನೆದಾಗಲೆಲ್ಲ ಮನಸ್ಸು ಹಗುರಾಗುತ್ತದೆ. ಮುಂದಿನ ಪರೀಕ್ಷೆಗೂ ಬರುತ್ತೇನೆಂದು ಹೇಳಿದ್ದೇನೆ. ಮಾತ್ರೆಯನ್ನು ಸೆರಗಿಗೆ ಕಟ್ಟಿಕೊಂಡು.