ರೊಟ್ಟಿ ಬಡಿದರೆ ತಾಳುವ ಗಾಡಿ

ನಮ್ಮ ಮನೆಯವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಅವರ ನೌಕರಿಯ ಬಹುಪಾಲು ಸುರಪುರದಿಂದ ಶಹಾಪುರ, ಶಹಾಪುರದಿಂದ ಯಾದಗಿರಿ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು ಬರುವುದರಲ್ಲೇ ಮುಗಿಯಿತು. ಅಷ್ಟು ವರ್ಷ ಸ್ಟೇರಿಂಗ್ ತಿರುಗಿಸಿದ ಮನುಷ್ಯ ನಿವೃತ್ತಿಯಾದ ಮೇಲೆ ಗಾಲಿಯಿದ್ದದ್ದು ಏನು ಕಂಡರೂ ಮುಖ ತಿರುಗಿಸಬೇಕು. ಇವರು ಹಾಗೆ ಮಾಡಲಿಲ್ಲ. ಒಂದು ಹಳೆಯ ಜೀಪು ಕೊಂಡರು. ಆಮೇಲೆ ಮೊಬೈಲಿನಲ್ಲಿ, ಯಾವುದೋ ದೇಶದ ಮರಳುಗಾಡಿನಲ್ಲಿ ಜೀಪಿನ ಹಿಂದೆ ಪುಟ್ಟ ಮನೆಯೊಂದನ್ನು ಕಟ್ಟಿಕೊಂಡು ತಿರುಗುವ ಗಂಡ ಹೆಂಡಿರನ್ನು ನೋಡತೊಡಗಿದರು. ಊಟ ತಣ್ಣಗಾದರೂ ನೋಡುವುದು ನಿಲ್ಲುತ್ತಿರಲಿಲ್ಲ.

ಆ ಪುಟ್ಟ ಮನೆಗೆ ಕ್ಯಾಂಪರ್ ಟ್ರೈಲರ್ ಎನ್ನುತ್ತಾರಂತೆ. ಒಳಗೆ ಇಬ್ಬರು ಮಲಗುವ ಹಾಸಿಗೆ, ಕೆಳಗೆ ನೀರಿನ ಟಾಕಿ, ಹಿಂದೆ ಎಳೆದರೆ ಹೊರಗೆ ಬರುವ ಅಡುಗೆ ಕಟ್ಟೆ. ಡಾಂಬರು ಮುಗಿದ ಮೇಲೂ ಹೊಲ, ಹಳ್ಳ, ಕಲ್ಲು ಎನ್ನದೆ ಜೀಪಿನ ಹಿಂದೆ ಬರಬೇಕು. ಇವರ ಯೋಜನೆ ಸಣ್ಣದಲ್ಲ. ಕೃಷ್ಣಾ ನದಿ ಹುಟ್ಟುವಲ್ಲಿಂದ ಹೊರಟು, ದಂಡೆಯ ಮಣ್ಣುದಾರಿಯಲ್ಲೇ ಇಳಿಯುತ್ತ, ಅದು ಸಮುದ್ರ ಸೇರುವ ತನಕ ಹೋಗುವುದು. ಆರು ತಿಂಗಳು.

ಒಂದು ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದೆ. ಇವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು ಕೇಳಿದರು.

“ನೀ ಬರ್ತಿಯೇನು?”

“ನನಗ್ಯಾಕ್ರಿ ಅವೆಲ್ಲ. ನೀವು ಹೋಗಿ ಬರ್ರಿ,” ಎಂದೆ.

ಇಲ್ಲಿ ನಮ್ಮ ಸೀಮೆಯ ಒಂದು ರೀತಿಯನ್ನು ಹೇಳಲೇಬೇಕು. ನಮ್ಮಲ್ಲಿ ಯಾರಾದರೂ ಚಹಾ ಕುಡಿಯಿರಿ ಎಂದರೆ ಮೊದಲು ಬೇಡ ಅನ್ನಬೇಕು. ಎರಡನೇ ಸಲವೂ ಈಗಷ್ಟೇ ಆಯಿತು ಅನ್ನಬೇಕು. ಮೂರನೇ ಸಲ ಮನೆಯವರು ಸಿಟ್ಟಾದಂತೆ ಮಾಡಿ ಕಪ್ಪು ಕೈಗೆ ಕೊಟ್ಟಾಗ, ನಿಮ್ಮ ಒತ್ತಾಯಕ್ಕೆ ಕುಡಿದೆ ಎಂಬ ಮುಖ ಮಾಡಿ ತಳದ ಸಕ್ಕರೆಯ ತನಕ ಕುಡಿಯಬೇಕು. ಮೊದಲ ಸಲಕ್ಕೇ ಹೂಂ ಎಂದವರು ಹೊರಟುಹೋದ ಮೇಲೆ, ಪಾಪ ಹಸಿದು ಬಂದಿದ್ದರು ಎಂದು ಮಾತಾಡಿಕೊಳ್ಳುತ್ತೇವೆ. ಒಳ್ಳೆಯ ಮನೆಯ ಹೆಣ್ಣುಮಗಳಂತೂ ಒಂದೇ ಸಲಕ್ಕೆ ಯಾವುದಕ್ಕೂ ಹೂಂ ಅನ್ನುವುದಿಲ್ಲ. ನನ್ನ ಮಾತಿನ ಅರ್ಥ ಇಷ್ಟೇ ಇತ್ತು: ಇನ್ನೊಮ್ಮೆ ಕೇಳಿರಿ.

ಇವರು ಕೇಳಲಿಲ್ಲ. ತಲೆಯಾಡಿಸಿ ಮೆಟ್ಟಿಲಿಳಿದು ಹೋದರು. ಸಂಜೆಯ ಹೊತ್ತಿಗೆ ಆ ಹಾಸಿಗೆಯ ಇನ್ನೊಂದು ಮಗ್ಗುಲು, ಅದೇ ಬಸ್ಸಿನಲ್ಲಿ ಇವರ ಜೊತೆ ಕಂಡಕ್ಟರ್ ಆಗಿದ್ದ ಗೆಳೆಯನ ಪಾಲಾಗಿತ್ತು.

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ನಾನು ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವಳು. ಗೋಡೆಗೆ ನಕಾಶೆ ಹಾಕಿ, ಬೆತ್ತ ಹಿಡಿದು, ಕೃಷ್ಣಾ ನದಿ ಇಲ್ಲಿ ಹುಟ್ಟಿ ಇಲ್ಲಿ ಸಮುದ್ರ ಸೇರುತ್ತದೆ ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಒಂದು ಹುಡುಗಿ ಎದ್ದು ನಿಂತು, ಟೀಚರ್, ಸಮುದ್ರ ಹೆಂಗಿರ್ತದ್ರಿ ಎಂದಳು. ಬಹಳ ದೊಡ್ಡದಿರುತ್ತದೆ, ಕೂತುಕೋ ಎಂದೆ. ನಾನು ನೋಡಿಯೇ ಇರಲಿಲ್ಲ. ಊರು ಬಿಟ್ಟು ಹೋದದ್ದೆಲ್ಲ ಬಾಣಂತನಕ್ಕೆ, ಮದುವೆಗೆ, ಮಣ್ಣಿಗೆ. ನೋಡುವುದಕ್ಕೆಂದು ಎಲ್ಲಿಗೂ ಹೋದವಳಲ್ಲ. ನನಗೆ ಹೋಗಬೇಕಾಗಿತ್ತು. ಆದರೆ ನಾನಾಗಿ ಬಾಯಿಬಿಟ್ಟು ಕೇಳುವುದೆಂದರೆ, ಕರೆಯದ ಮನೆಯ ಪಂಕ್ತಿಯಲ್ಲಿ ಕೂತ ಹಾಗೆ. ಬಾಯಿಗೆ ಬೀಗ ಹಾಕಿಕೊಂಡೆ.

ಆದರೂ ಗಾಡಿ ಆರಿಸಲು ನನ್ನನ್ನೇ ಕರೆದುಕೊಂಡು ಹೋದರು. ಕಂಡಕ್ಟರಿಗೆ ಏನು ತೋರಿಸಿದರೂ ಚೆನ್ನಾಗಿದೆ ಎನ್ನುತ್ತಾನಂತೆ.

“ಬ್ಯಾಡ ಅನ್ನೋರು ಒಬ್ರು ಜೋಡಿ ಇರಬೇಕು. ಅದಕ್ಕ ನೀನ ಬರೋಬರಿ,” ಎಂದರು.

ಇದನ್ನು ಹೊಗಳಿಕೆ ಎಂದು ತಿಳಿದು ಜೀಪು ಹತ್ತಿದೆ.

ಮೊದಲನೆಯದನ್ನು ನೋಡಿದ್ದು ಯಾದಗಿರಿಯಲ್ಲಿ. ಹೈದರಾಬಾದಿನ ವ್ಯಾಪಾರಿಯೊಬ್ಬ ಮೈದಾನದಲ್ಲಿ ಬಿಳಿಯ ಟ್ರೈಲರೊಂದನ್ನು ತೊಳೆದು ನಿಲ್ಲಿಸಿದ್ದ. ನಮ್ಮವರು ಹೋದವರೇ ಅದರ ಒಳಗೆ ಹಣಿಕಿ ಸಹ ಹಾಕದೆ, ನೆಲದ ಮೇಲೆ ಅಂಗಾತ ಮಲಗಿ ಕೆಳಗೆ ತೂರಿಕೊಂಡರು. ಕಾಲೆರಡು ಮಾತ್ರ ಹೊರಗೆ ಕಾಣುತ್ತಿದ್ದವು. ಟೈ ಕಟ್ಟಿಕೊಂಡಿದ್ದ ವ್ಯಾಪಾರಿಗೆ ಯಾರ ಜೊತೆ ಮಾತಾಡಬೇಕು ಎಂದು ತಿಳಿಯದೆ, ನನ್ನ ಕಡೆ ತಿರುಗಿ ಅಡುಗೆ ಕಟ್ಟೆಯನ್ನು ಸರ್ರನೆ ಎಳೆದು ತೋರಿಸಿದ. ಸ್ಟೀಲಿನ ಹಲಗೆ, ಎರಡು ಒಲೆ, ಕೈ ತೊಳೆಯುವ ಬೋಗುಣಿ, ಎಲ್ಲ ಥಳಥಳ.

“ಇದರ ಮ್ಯಾಲ ರೊಟ್ಟಿ ಬಡೀಬಹುದೇನು?” ಎಂದೆ.

“ಚಪಾತಿ ಲಟ್ಟಿಸಬಹುದು ಮೇಡಂ, ಆರಾಮಾಗಿ.”

“ಲಟ್ಟಸೋದಲ್ರಿ. ಬಡಿಯೋದು.”

ಅವನಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಜೋಳದ ರೊಟ್ಟಿಯನ್ನು ಅಂಗೈಯಿಂದ ಬಡಿದೇ ಅಗಲ ಮಾಡಬೇಕು, ಅದೂ ಓಣಿಯ ಆಚೆ ಮನೆಗೆ ಕೇಳುವಷ್ಟು ಜೋರಾಗಿ. ತೋರಿಸಿಯೇಬಿಡೋಣ ಎಂದು ಆ ಥಳಥಳ ಹಲಗೆಯ ಮೇಲೆ ಬರಿಗೈಯಿಂದ ಬಡಿಯತೊಡಗಿದೆ. ಐದಾರು ಏಟಿಗೆ ಹಲಗೆ ನಿಧಾನವಾಗಿ ಗಾಡಿಯ ಒಳಗೆ ಸರಿಯತೊಡಗಿತು. ನಾನು ಬಡಿಯುತ್ತ ಒಂದೊಂದು ಹೆಜ್ಜೆ ಮುಂದೆ ಹೋದೆ. ಅದು ಪೂರ್ತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಕೆಳಗಿನಿಂದ ನಮ್ಮವರು, ಯಾರು ಗಾಡಿ ನೂಕಾಕತ್ತೀರಿ ಎಂದು ಕೂಗಿದರು.

ಮೈಗೆಲ್ಲ ಧೂಳು ಮಾಡಿಕೊಂಡು ಹೊರಬಂದ ಅವರಿಗೂ ಅದು ಒಪ್ಪಿಗೆಯಾಗಿರಲಿಲ್ಲ. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಸಂದಿ ಸಹ ಇಲ್ಲವಂತೆ. ನಮ್ಮ ಎರೆಮಣ್ಣು ಒಮ್ಮೆ ಮಳೆ ಕುಡಿಯಿತೆಂದರೆ ಗಾಲಿಗೆ ಸುತ್ತಿಕೊಂಡು ಗಾಲಿಯನ್ನೇ ನಿಲ್ಲಿಸಿಬಿಡುತ್ತದೆ. ಡಾಂಬರಿನ ಮೇಲೆ ಹುಟ್ಟಿದವರು ಮಾಡಿದ ಗಾಡಿ ಇದು ಎಂದರು. ಬೇಡ ಅನ್ನುವ ಕೆಲಸವನ್ನು ಇಬ್ಬರೂ ಕೂಡಿಯೇ ಮಾಡಿದೆವು.

ಎರಡನೆಯದು ಗೋಗಿಯಲ್ಲಿ ಒಬ್ಬ ರೈತನ ಹೊಲದಲ್ಲಿತ್ತು. ಯಾರಿಂದಲೋ ಕೊಂಡು ಒಂದೇ ಒಂದು ಸಲ ತಿರುಗಾಟಕ್ಕೆ ಒಯ್ದು, ಆಮೇಲೆ ಒಳಗೆ ಒಣಮೆಣಸಿನಕಾಯಿ ತುಂಬಿಟ್ಟಿದ್ದ. ಬಾಗಿಲು ತೆಗೆದದ್ದೇ ತಡ, ಮೂವರೂ ಸೀನತೊಡಗಿದೆವು. ಕಣ್ಣೀರು ಒರೆಸಿಕೊಳ್ಳುತ್ತಲೇ ನಮ್ಮವರು ಗಾಡಿಯ ಭಾರ ಹೊರುವ ಸ್ಪ್ರಿಂಗಿನ ಕಮಾನು ಪಾಟಾ ಎಣಿಸಿದರು, ಹಿಂದಿನ ದಿನವಷ್ಟೇ ಮಳೆ ಬಿದ್ದಿದ್ದ ಹೊಲದಲ್ಲಿ ಜೀಪಿಗೆ ಕಟ್ಟಿ ಎಳೆದು ನೋಡಿದರು. ಗಾಡಿ ಎಲ್ಲೂ ನಿಲ್ಲದೆ ಬಂತು. ಅವರ ಮುಖ ಅರಳಿತು.

ಈ ಸಲ ನಾನು ಬರಿಗೈಯಲ್ಲಿ ಬಂದಿರಲಿಲ್ಲ. ಡಬ್ಬಿಯಲ್ಲಿ ಜೋಳದ ಹಿಟ್ಟು, ಒಂದು ಹಂಚು, ಶೇಂಗಾ ಚಟ್ನಿ ತಂದಿದ್ದೆ. ಗಾಡಿಯ ಒಲೆ ಹಚ್ಚಿ, ಹಿಟ್ಟು ನಾದಿ, ಶುರು ಮಾಡಿದೆ. ಈ ಕಟ್ಟೆ ಒಳಗೆ ಸರಿಯಲಿಲ್ಲ, ಒಳ್ಳೆಯದೇ. ಆದರೆ ಅದಕ್ಕೆ ಕೊಟ್ಟಿದ್ದ ಕಬ್ಬಿಣದ ಕಾಲು, ನಾನು ಬಡಿದಂತೆಲ್ಲ ಎರೆಮಣ್ಣಿನಲ್ಲಿ ಇಳಿಯತೊಡಗಿತು. ಮೂರನೇ ರೊಟ್ಟಿಗೆ ಕಟ್ಟೆ ಒಂದು ಕಡೆ ವಾಲಿತು. ಐದನೆಯದನ್ನು ಬಡಿಯುವಾಗ ರೊಟ್ಟಿ ತಾನಾಗಿ ಜಾರಿ ಹೊಲಕ್ಕೆ ಇಳಿದು ಹೋಯಿತು.

ಬೆಂದ ನಾಲ್ಕು ರೊಟ್ಟಿಗಳನ್ನು ರೈತನ ಮುಂದೆ ಇಟ್ಟೆ.

“ಬ್ಯಾಡ್ರಿ ಅಕ್ಕಾರ, ಈಗಷ್ಟ ಉಂಡೀನಿ,” ಎಂದ.

“ತಿನ್ನೋ ತಮ್ಮ.”

“ಖರೇನ ಹೊಟ್ಟಿ ತುಂಬ್ಯಾದ್ರಿ.”

“ನಾ ಬಡದದ್ದು ಚಲೋ ಇಲ್ಲೇನು ಮತ್ತ?”

ಆಮೇಲೆ ನಾಲ್ಕನ್ನೂ ತಿಂದ. ಚಟ್ನಿಯ ಡಬ್ಬಿಯನ್ನೂ ಒರೆಸಿದ. ನಾನು ನಮ್ಮವರ ಕಡೆ ಒಂದು ನೋಟ ಹರಿಸಿದೆ. ನೋಡಿರಿ, ಹೀಗೆ ಮೂರು ಸಲ ಕೇಳಬೇಕು, ಇಷ್ಟೇ ಇರುವುದು ಎಂಬುದು ಆ ನೋಟದಲ್ಲಿತ್ತು. ಅವರು ಗಾಲಿಯ ಗಾಳಿ ನೋಡುತ್ತಿದ್ದರು.

ಮನೆಗೆ ಬಂದ ಮೇಲೆ ಕಂಡಕ್ಟರ್ ಕೇಳಿದ, ಹೆಂಗಿತ್ತು ಅಂತ. ರೊಟ್ಟಿಗೆ ತಾಳಲಿಲ್ಲ ಎಂದರು ನಮ್ಮವರು. ನಾವೇನು ಅಲ್ಲಿ ರೊಟ್ಟಿ ಬಡಿಯುತ್ತೇವೆಯೇ, ಅನ್ನ ಸಾರು ಮಾಡಿಕೊಂಡರಾಯಿತಲ್ಲ ಎಂದ ಕಂಡಕ್ಟರ್. ಮಾತು ನಿಜವೇ. ಹೋಗುವವರು ಅವರಿಬ್ಬರು, ಇಬ್ಬರಿಗೂ ರೊಟ್ಟಿ ಬಡಿಯಲು ಬಾರದು. ಇನ್ನು ಗಾಡಿ ಗಾಡಿಗೆ ಹಿಟ್ಟಿನ ಡಬ್ಬಿ ಹೊತ್ತು ನಾನೇಕೆ ಹೋಗುತ್ತಿದ್ದೇನೆ? ಈ ಪ್ರಶ್ನೆ ನಮ್ಮವರಿಗೆ ಯಾಕೆ ಹೊಳೆಯಲಿಲ್ಲವೋ. ನಾನು ಒಳಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಇಟ್ಟೆ. ಮೂವತ್ತು ವರ್ಷ ಇಂಜಿನ್ನಿನ ಸದ್ದಿನಲ್ಲಿದ್ದ ಕಿವಿಗೆ ಪಾತ್ರೆಯ ಸದ್ದು ಯಾವ ಲೆಕ್ಕ.

ಕೊನೆಗೆ, ಸಿದ್ಧವಿದ್ದ ಗಾಡಿ ಯಾವುದೂ ನಮಗಾಗುವುದಿಲ್ಲ, ಮಾಡಿಸಿಯೇಬಿಡೋಣ ಎಂದು ಶಹಾಪುರಕ್ಕೆ ಹೋದೆವು. ಅಲ್ಲಿ ಟ್ರ್ಯಾಕ್ಟರ್ ಟ್ರಾಲಿ ಮಾಡುವ ಒಬ್ಬ ಮೇಸ್ತ್ರಿಯಿದ್ದ. ಕಬ್ಬಿಣ ಬಿಟ್ಟರೆ ಬೇರೆ ಮಾತಿಲ್ಲದ ಮನುಷ್ಯ. ಕಾಗದದ ಮೇಲೆ ಬರೆದು ತೋರಿಸುವುದು ಅವನಿಗೆ ಆಗುವುದಿಲ್ಲ. ಶೆಡ್ಡಿನ ನೆಲ ಗುಡಿಸಿ, ಸೀಮೆಸುಣ್ಣದಿಂದ ಗಾಡಿಯನ್ನು ಇದ್ದಷ್ಟೇ ಅಳತೆಯಲ್ಲಿ ಬರೆದುಬಿಟ್ಟ. ಇದು ಗಾಲಿ, ಇದು ಟಾಕಿ, ಇದು ಹಾಸಿಗೆ. ಮಡ್‌ಗಾರ್ಡಿಗೆ ನಾಲ್ಕು ಬೆರಳು ಸಂದಿ ತಾನಾಗಿಯೇ ಬಿಟ್ಟಿದ್ದ, ಹೇಳಬೇಕಾಗಲಿಲ್ಲ. ನಮ್ಮವರಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಚಪ್ಪಲಿ ಬಿಟ್ಟು ಗೆರೆಯೊಳಗೆ ಕಾಲಿಟ್ಟು, ಸುಣ್ಣದ ಹಾಸಿಗೆಯ ಮೇಲೆ ಮಲಗಿ, ಮಗ್ಗುಲಾಗಿ ನೋಡಿದರು.

ಮೇಸ್ತ್ರಿ ಅಡುಗೆ ಕಟ್ಟೆಯ ಹತ್ತಿರ ಬಂದು ಟೇಪು ಬಿಚ್ಚಿದ.

“ಕಟ್ಟಿ ಎತ್ತರ ಎಷ್ಟ ಇಡ್ಲಿ ಸಾಬ್? ಅಡಿಗಿ ಮಾಡೋರು ಎಷ್ಟ ಎತ್ತರ ಅದಾರ?”

“ಆರಡಿ ಹಿಡಿ. ನಮ್ಮ ಕಂಡಕ್ಟರ್ ಉದ್ದ ಆಳು, ನಿಂತ ಮಾಡ್ತಾನ,” ಎಂದರು ನಮ್ಮವರು, ಮಲಗಿದಲ್ಲಿಂದಲೇ.

ಅಷ್ಟು ದಿನ ಕಟ್ಟಿ ಹಿಡಿದದ್ದು ಅಲ್ಲಿ ಒಡೆಯಿತು.

“ಒಮ್ಮಿ ಒಲ್ಲೆ ಅಂದ್ರ ಬಿಟ್ಟುಬಿಡೋದೇನ್ರಿ?” ಎಂದೆ.

ಅವರು ಎದ್ದು ಕೂತರು. “ಏನಂದಿ?”

“ನಾ ಬ್ಯಾಳಿ ಹಸನ ಮಾಡುಮುಂದ ಕೇಳಿದ್ರಲ್ಲ. ಮತ್ತೊಮ್ಮಿ ಕೇಳಿದ್ರ ಬಾಯಿ ಸವೀತಿತ್ತೇನು? ಹೊಲದಾಗಿನ ಮನಷಾಗ ರೊಟ್ಟಿ ತಿನ್ನಂತ ನಾ ಮೂರು ಸಲ ಹೇಳೀನಿ. ನನಗ ನೀವು ಎರಡು ಸಲ ಸುದಾ ಕೇಳ್ಲಿಲ್ಲ.”

ಮೇಸ್ತ್ರಿ ಟೇಪು ಹಿಡಿದುಕೊಂಡು ಗೋಡೆಯ ಕಡೆ ನೋಡತೊಡಗಿದ. ಇವರು ಬಸ್ಸಿನ ಮನುಷ್ಯ, ನಿಲ್ದಾಣದಲ್ಲಿ ಕೈ ಮಾಡದವರಿಗೆ ಗಾಡಿ ನಿಲ್ಲಿಸುವ ರೂಢಿಯಿಲ್ಲ ಎಂದು ಏನಾದರೂ ಹೇಳಿ ಜಾರಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಹಾಗೆ ಹೇಳಲಿಲ್ಲ.

“ಮೊದಲ ಸಲ ಅಂದದ್ದು ಬಾಯಿಮಾತು ಅಂತ ನನಗೂ ಗೊತ್ತದ,” ಎಂದರು. “ಎರಡನೇ ಸಲ ಕೇಳಿ, ನೀ ಖರೇನ ಒಲ್ಲೆ ಅಂದ್ರ ಏನ್ ಮಾಡ್ಲಿ ಅಂತ ಅಂಜಿದೆ.”

ಹೊಸದಾಗಿ ಮದುವೆಯಾದಾಗ ಒಮ್ಮೆ ಎಲ್ಲಿಗೋ ಹೋಗೋಣ ಎಂದಿದ್ದರು, ಎಮ್ಮೆ ಹಿಂಡುವವರು ಯಾರು ಎಂದಿದ್ದೆ. ಮಕ್ಕಳು ದೊಡ್ಡವರಾದ ಮೇಲೆ ಒಮ್ಮೆ ಕೇಳಿದ್ದರು, ಶಾಲೆಯಲ್ಲಿ ಪರೀಕ್ಷೆ ಎಂದಿದ್ದೆ. ಪ್ರತಿ ಸಲವೂ ಅವರು ಇನ್ನೊಮ್ಮೆ ಕೇಳಲಿ ಎಂದು ಕಾದೆ. ಅವರು ನಾನು ತಿರುಗಿ ಹೇಳುತ್ತೇನೆ ಎಂದು ಕಾದಿರಬೇಕು. ಹೀಗೆ ಇಬ್ಬರೂ ಮರ್ಯಾದೆ ಕಾಯುತ್ತ ಮನೆಯಲ್ಲೇ ಉಳಿದೆವು. ನನಗೆ ಅಲ್ಲೇ ನಿಂತು ಅಳಬೇಕೆನಿಸಿತು, ನಗುವೂ ಬಂತು.

“ಮತ್ತ ಕಂಡಕ್ಟರಿಗೆ ಏನ್ ಹೇಳ್ತೀರಿ?” ಎಂದೆ, ಮಾತು ಬೇರೆ ಕಡೆ ಹೊರಳಿಸಲು.

“ಅವಂದೇನು. ನನ್ನ ಗೊರಕಿ ತಾ ಹೆಂಗ ತಡೀಬೇಕು ಅಂತ ನಿನ್ನೆನ ಕೇಳಾಕತ್ತಿದ್ದ. ಬ್ಯಾಡಂದ್ರ ಹಬ್ಬ ಮಾಡ್ತಾನ,” ಎಂದು ಎದ್ದು ನಿಂತರು. ಬೆನ್ನಿಗೆ ಗಾಡಿಯ ಅರ್ಧ ನಕ್ಷೆ ಅಂಟಿಕೊಂಡಿತ್ತು. ಆಮೇಲೆ ನನ್ನ ಮುಖ ನೋಡಿ, ಮೇಸ್ತ್ರಿಯ ಎದುರಿಗೇ ಕೇಳಿದರು.

“ಬರ್ತಿಯೇನು?”

ನಂಬಿದರೆ ನಂಬಿರಿ, ಆಗಲೂ ನನ್ನ ಬಾಯಿಗೆ ಬಂದದ್ದು ಒಲ್ಲೆ ಎಂಬ ಮಾತೇ. ಅಷ್ಟು ಜಗಳವಾಡಿದ ಮೇಲೂ, ನನಗ್ಯಾಕ್ರಿ ಎಂಬುದು ತಾನಾಗಿ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವ್ವ ಕಲಿಸಿದ್ದು, ಅತ್ತೆ ಕಲಿಸಿದ್ದು, ನಾನು ನನ್ನ ಮಗಳಿಗೂ ಕಲಿಸಿದ್ದು. ಇವರು ನಿಂತ ರೀತಿ ನೋಡಿದೆ. ಜೀವಮಾನವಿಡೀ ಊರು ಊರಿನ ಮಂದಿಯನ್ನು ಹತ್ತಿಸಿಕೊಂಡ ಮನುಷ್ಯ, ಒಬ್ಬಳು ಏನು ಹೇಳುತ್ತಾಳೋ ಎಂದು ಉಸಿರು ಹಿಡಿದು ನಿಂತಿದ್ದರು.

“ಬರ್ತೀನಿ,” ಎಂದೆ.

ಒಂದೇ ಸಲಕ್ಕೆ. ಹೇಳಿದ ಮೇಲೆ ಕಿವಿಯ ತನಕ ಬಿಸಿಯಾಯಿತು. ಮುಖ ಮುಚ್ಚಿಕೊಳ್ಳಲು ಬೇರೆ ಉಪಾಯ ಕಾಣದೆ, ನಾನು ರೊಟ್ಟಿ ಬಡಿಯುವುದು ಕೂತುಕೊಂಡೇ ಎಂದು ಮೇಸ್ತ್ರಿಗೆ ಹೇಳಿ, ಒಂದು ಮೊಣಕಾಲು ಮಡಚಿ ಒಂದನ್ನು ಎತ್ತಿ, ಆ ಕಬ್ಬಿಣದ ಪುಡಿಯ ನೆಲದಲ್ಲಿ ಕೂತುಬಿಟ್ಟೆ. ಮೇಸ್ತ್ರಿ ಬಗ್ಗಿ ನೆಲದಿಂದ ನನ್ನ ಕೈಯ ತನಕ ಟೇಪು ಹಿಡಿದ. ನಮ್ಮವರು ಆಚೆ ತಿರುಗಿ ನಿಂತಿದ್ದರು.

“ಏ, ಅಳತಿ ಬರೋಬರಿ ಹಿಡಿಯೋ. ಆಕಿ ಆರು ತಿಂಗಳು ಕೂಡಬೇಕು ಅಲ್ಲಿ,” ಎಂದು ಅವನನ್ನು ಗದರಿದರು.