ಹತ್ತು ನಿಮಿಷದಲ್ಲಿ ಇಳಿದ ಬೆಲೆ

ಗೆಳೆಯರೇ, ಕಂಪನಿಯವರು ನನ್ನನ್ನು ವರ್ಗ ಮಾಡಿದ್ದಾರೆ. ಚೆನ್ನೈಯೋ ಬೆಂಗಳೂರೋ, ಆಯ್ಕೆ ನನ್ನದು. ಎಲ್ಲಿ ಖರ್ಚು ಕಡಿಮೆ ಎಂದು ಕೇಳಲು ಇವತ್ತು ಓಮಲೂರಿನಿಂದ ಎರಡು ಫೋನ್ ಮಾಡಿದೆ.

ಚೆನ್ನೈಯ ಅತ್ತೆ, "ಇಲ್ಲಿ ಕುಡಿಯೋ ನೀರ್ಗೂ ಕಾಸು ಕಣಮ್ಮ, ಬೆಂಗ್ಳೂರ್ಗೇ ಓಗು" ಎಂದರು. ಬೆಂಗಳೂರಿನ ಚಿಕ್ಕಪ್ಪ, "ಬಾಡಿಗೆ ಕೇಳುದ್ರೆ ತಲೆ ತಿರುಗ್ತೈತೆ, ಚೆನ್ನೈನೇ ವಾಸಿ" ಎಂದರು. ಕೊನೆಗೆ ಇಬ್ಬರೂ ಕೇಳಿದ್ದು ಒಂದೇ: "ಮನೆ ಸಿಗೋಗಂಟ ಎಲ್ಲಿರ್ತೀಯ?"

ನನಗೆ ಅನುಮಾನ ಬಂತು. "ಕಂಪನಿನೇ ಮನೆ ಕೊಡ್ತೈತೆ" ಎಂದು ಇಬ್ಬರಿಗೂ ಸುಳ್ಳು ಮೆಸೇಜ್ ಹಾಕಿದೆ. ಹತ್ತೇ ನಿಮಿಷಕ್ಕೆ ಅತ್ತೆಯ ಫೋನ್: "ಇಲ್ಲೇ ಬಂದ್ಬುಡು, ಅಂಥ ಸೆಲವೇನಿಲ್ಲ, ಕರ್ಚು ಕಮ್ಮಿನೇ." ಹಿಂದೆಯೇ ಚಿಕ್ಕಪ್ಪ: "ಇಲ್ಲಿ ತರಕಾರಿ ಓಮಲೂರ್ಗಿಂತ ಅಗ್ಗ ಕಣವ್ವ."

ನಾಳೆ ಇಬ್ಬರಿಗೂ ನಿಜ ಹೇಳುತ್ತೇನೆ. ಆ ಊರುಗಳಲ್ಲಿ ಏನಾದರೂ ಕೊಳ್ಳುವವರಿದ್ದರೆ ಇವತ್ತೇ ಕೊಂಡುಬಿಡಿ.