ಬೀಗರ ತಲೆ ಮತ್ತು ಧೂಳು ತಿನ್ನುವ ಪ್ರಾಣಿ

ಮೂಲೆಯ ಕಟಿಂಗ್ ಅಂಗಡಿಯವರ ಕತ್ತರಿಗಾದರೂ ಆಗಾಗ ಬಿಡುವಿತ್ತು, ಬಾಯಿಗಿರಲಿಲ್ಲ. ಕುತ್ತಿಗೆಗೆ ಬಟ್ಟೆ ಕಟ್ಟಿದರೋ, ಗಿರಾಕಿ ಎದ್ದು ಹೋಗುವವರೆಗೂ ಮಾತೇ ಮಾತು. ಆ ಬಾಯಿ ಕಟ್ಟುತ್ತಿದ್ದದ್ದು ಒಬ್ಬರೆದುರು ಮಾತ್ರ: ಸೊಸೆಯ ತಂದೆ, ಹೈಸ್ಕೂಲಿನ ಹೆಡ್‌ಮಾಸ್ತರು. ಮಗನ ಮದುವೆಯಲ್ಲಿ ಇವರು ತಮಾಷೆಗೆಂದು ಎಲ್ಲರೆದುರು, "ಬೀಗರ ತಲೇಲಿ ಏನಿದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬರೀ ಹೊಟ್ಟು" ಅಂದುಬಿಟ್ಟಿದ್ದರು. ಆಮೇಲೂ ಹೆಡ್‌ಮಾಸ್ತರು ತಿಂಗಳಿಗೊಮ್ಮೆ ಬಂದು ತಲೆ ಕೊಡುತ್ತಿದ್ದರು, ಮಾತು ಕೊಡುತ್ತಿರಲಿಲ್ಲ. ಸೊಸೆಯ ಮುಖ ನೋಡಿದಾಗಲೆಲ್ಲ ಅಂಗಡಿಯವರು ಒಳಗೊಳಗೇ ಕೊರಗುತ್ತಿದ್ದರು.

ಹಾಗಿರುವಾಗ ಒಂದು ಸಂಜೆ ಹೆಡ್‌ಮಾಸ್ತರು ಬಂದು, "ನಾಡಿದ್ದು ನನ್ನ ಬೀಳ್ಕೊಡುಗೆ. ಫೋಟೊ ತೆಗೀತಾರೆ, ನೀಟಾಗಿರಲಿ" ಎಂದು ಕೂತರು. ಅವರ ಪಾಲಿಗೆ ಇದು ಭಾಷಣವೇ ಸರಿ. ಒಳ್ಳೆಯ ಕೆಲಸ ಮಾಡಿ ಮನಸ್ಸು ಗೆಲ್ಲಲು ಅಂಗಡಿಯವರಿಗೆ ಇದಕ್ಕಿಂತ ಬೇರೆ ಅವಕಾಶ ಬೇಕೆ?

ಕೆಲಸ ಕೆಟ್ಟದ್ದು ಪುಸ್ತಕದಿಂದ. ಹೆಡ್‌ಮಾಸ್ತರು ಚೀಲದಿಂದ ತೆಗೆದದ್ದು ಮೊಮ್ಮಗಳ ಚಿತ್ರಕಾದಂಬರಿ. ಇಬ್ಬರಿಗೂ ಅವಳೊಬ್ಬಳೇ ಮೊಮ್ಮಗಳು, ಓದಲು ಪುಸ್ತಕ ಕೊಟ್ಟದ್ದು ಮಾತ್ರ ಆ ತಾತನಿಗೆ. ಅಂಗಡಿಯವರಿಗೆ ಹೊಟ್ಟೆಯೊಳಗೆ ಸಣ್ಣಗೆ ಉರಿಯಿತು. ಹೆಗಲ ಮೇಲಿಂದ ಇಣುಕಿದರು.

ಆಕಾಶನೌಕೆಯಲ್ಲಿ ಕಸ ಗುಡಿಸುವ ಒಂದು ರೋಬೊ. ಅಲ್ಲೇ ಅಡಗಿಕೊಂಡಿರುವ, ಧೂಳೇ ಆಹಾರವಾದ ಯಾವುದೋ ಗ್ರಹದ ಪುಟ್ಟ ಪ್ರಾಣಿ. ರೋಬೊ ಗುಡಿಸಿದರೆ ಪ್ರಾಣಿಗೆ ಉಪವಾಸ. ಮೊದಲು ಎರಡೂ ಹಾವು ಮುಂಗುಸಿಯಂತಿದ್ದವು; ಬರಬರುತ್ತಾ ರೋಬೊ ಒಂದು ಮೂಲೆಯನ್ನು ಬೇಕೆಂದೇ ಗುಡಿಸದೆ ಬಿಡತೊಡಗಿತು. ಅಂಗಡಿಯವರ ಮುಖ ಅರಳಿತು. ಅಷ್ಟರಲ್ಲಿ ಕ್ಯಾಪ್ಟನ್ ಬಿಳಿ ಕೈಗವಸು ಹಾಕಿಕೊಂಡು ತಪಾಸಣೆಗೆ ಹೊರಟ.

ಪುಟ ತಿರುಗಲೊಲ್ಲದು. ಇಷ್ಟು ವರ್ಷ ಪಾಠ ಹೇಳಿದ ಮನುಷ್ಯ ಓದುವುದು ಇಷ್ಟು ನಿಧಾನವೇ? ಕೈಕಟ್ಟಿ ನಿಂತರೆ ಕದ್ದು ಓದುವುದು ಗೊತ್ತಾಗುತ್ತದೆಂದು ಎಡಗಡೆ ಒಂಚೂರು ಕತ್ತರಿಸಿದರು. ಅದಕ್ಕೆ ಸರಿಯಾಗಲೆಂದು ಬಲಗಡೆ ಒಂಚೂರು. ಪುಟ ತಿರುಗಿತು, ಮತ್ತೆ ನಿಂತಿತು. ಮತ್ತೆ ಎಡಗಡೆ, ಮತ್ತೆ ಬಲಗಡೆ. ಕ್ಯಾಪ್ಟನ್ ಆ ಮೂಲೆಗೆ ಬೆರಳು ಚಾಚಿದಾಗ ಅಂಗಡಿಯವರು ಉಸಿರು ಬಿಗಿಹಿಡಿದು ಕನ್ನಡಿಯತ್ತ ಕಣ್ಣೆತ್ತಿದರು.

ಬೀಗರ ತಲೆಯಲ್ಲಿ ಕೂದಲು ನೆಪಕ್ಕಷ್ಟೇ ಉಳಿದಿತ್ತು. ಇಷ್ಟು ದಿನ ಮರ್ಯಾದೆಯಾಗಿದ್ದ ಕಿವಿಗಳೆರಡೂ ಎದ್ದು ನಿಂತಿದ್ದವು.

"ತಪ್ಪಾಯ್ತು ಸಾರ್" ಎಂದರು ಅಂಗಡಿಯವರು. "ಕಣ್ಣು ಪುಸ್ತಕದ ಮೇಲಿತ್ತು. ನೀವು ಪುಟ ತಿರುಗಿಸ್ಲಿ ಅಂತ ಕಾಯ್ತಾ ಕಾಯ್ತಾ ಕೈ ಆಡಿಸ್ಬಿಟ್ಟೆ."

ಹೆಡ್‌ಮಾಸ್ತರು ತಲೆಯ ಮೇಲೆ ಮೆಲ್ಲಗೆ ಕೈಯಾಡಿಸಿಕೊಂಡರು. "ನೀವು ಇಣುಕೋದು ಕನ್ನಡೀಲಿ ಕಾಣ್ತಿತ್ತು, ನನ್ನ ತಲೆ ನೋಡ್ಕೊಳ್ಳಲೇ ಇಲ್ಲ. ನೀವು ಓದಿ ಮುಗಿಸ್ಲಿ ಅಂತ ನಾನು ಕಾಯ್ತಿದ್ದೆ. ಪಾಪ, ನಿಧಾನ ಅಂದ್ಕೊಂಡೆ."

ಅಂಗಡಿಯವರು ಸರಿಮಾಡಲೆಂದು ಮತ್ತೆ ಕತ್ತರಿ ಎತ್ತಿದರು.

"ಇನ್ನು ಕತ್ತರಿಗೇನೂ ಕೆಲಸ ಇಲ್ಲ" ಎಂದರು ಹೆಡ್‌ಮಾಸ್ತರು. "ಆ ಪ್ರಾಣಿ ಸಿಕ್ಕಿಬೀಳುತ್ತೋ ಏನೋ ನೋಡ್ಬೇಕಲ್ಲ. ಸ್ಟೂಲ್ ಹಾಕ್ಕೊಂಡು ಪಕ್ಕದಲ್ಲೇ ಕೂತ್ಕೊಳ್ಳಿ, ಬೀಗರೇ."

ಮದುವೆಯಾದಾಗಿನಿಂದ ಆ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ಅಂಗಡಿಯವರು ಸ್ಟೂಲ್ ಎಳೆದುಕೊಂಡು ಕೂತರು. ಕಣ್ಣು ತುಂಬಿ ಅಕ್ಷರ ಒಂದೂ ಕಾಣದೆ, ಮುಂದಿನದನ್ನೆಲ್ಲ ಹೆಡ್‌ಮಾಸ್ತರೇ ಜೋರಾಗಿ ಓದಿ ಹೇಳಬೇಕಾಯಿತು.